ರಿಮೋಟ್ ಕೀ ಕೈಕೊಟ್ಟರೆ: ಹೊಸದಕ್ಕೆ ದುಡ್ಡು ಕೊಡುವ ಮುಂಚೆ ನೋಡಬೇಕಾದ್ದು

ಹೋದ ಮಳೆಗಾಲದಲ್ಲಿ ನಮ್ಮ ಕಾರಿನ ಕೀ ಹಟ ಹಿಡಿಯಿತು. ಅನ್‌ಲಾಕ್ ಬಟನ್ ಒತ್ತಿದರೆ ಬಾಗಿಲು ತೆರೆಯುತ್ತಿತ್ತು. ಲಾಕ್ ಬಟನ್ ಒತ್ತಿದರೆ ಏನೂ ಆಗುತ್ತಿರಲಿಲ್ಲ. ಹತ್ತು ಸಲ ಗಟ್ಟಿಯಾಗಿ ಒತ್ತಿದರೆ ಒಂದು ಸಲ ಲಾಕ್ ಆಗುತ್ತಿತ್ತು. ಸೆಲ್ ಬದಲಾಯಿಸಿದೆ, ಸರಿಹೋಗಲಿಲ್ಲ. ಸರ್ವಿಸ್ ಸೆಂಟರ್‌ಗೆ ತೆಗೆದುಕೊಂಡು ಹೋದೆ. ಅಲ್ಲಿ ಕೀಯನ್ನು ಬಿಚ್ಚಿ ಕೂಡ ನೋಡಲಿಲ್ಲ. "ಕೀ ಹೋಗಿದೆ ಮೇಡಂ, ಹೊಸದೇ ಹಾಕಿಸಬೇಕು" ಅಂದರು. ಹೇಳಿದ ಮೊತ್ತ 8,500 ರೂಪಾಯಿ.

ಮನೆಗೆ ಬಂದು ಯೋಚನೆ ಮಾಡಿದೆ. ಅನ್‌ಲಾಕ್ ಸರಿಯಾಗಿ ಕೆಲಸ ಮಾಡುತ್ತಿದೆ. ಅಂದಮೇಲೆ ಸೆಲ್ ಸರಿ ಇದೆ. ಸಿಗ್ನಲ್ ಕಳಿಸುವ ಭಾಗವೂ ಸರಿ ಇದೆ. ಕಾರಿಗೆ ಈ ಕೀಯ ಗುರುತೂ ಸಿಗುತ್ತಿದೆ. ಉಳಿದದ್ದು ಒಂದೇ, ಆ ಲಾಕ್ ಬಟನ್ ಕೆಳಗಿರುವ ಪುಟ್ಟ ಸ್ವಿಚ್. ಬಿಚ್ಚಿ ನೋಡಿದರೆ ಹಾಗೇ ಇತ್ತು. ಸ್ವಿಚ್ಚಿನ ಒಂದು ಕಾಲಿನ ಬೆಸುಗೆ ಬಿಟ್ಟುಹೋಗಿತ್ತು. ಬೀದಿ ಕೊನೆಯ ಮೊಬೈಲ್ ರಿಪೇರಿ ಅಂಗಡಿಯ ಹುಡುಗ ಎರಡು ನಿಮಿಷದಲ್ಲಿ ಬೆಸುಗೆ ಹಾಕಿ ಕೊಟ್ಟ. ಇವತ್ತಿಗೂ ಅದೇ ಕೀ ಬಳಸುತ್ತಿದ್ದೇನೆ.

ಆವತ್ತಿನಿಂದ ನೆಂಟರು, ಅಕ್ಕಪಕ್ಕದವರು ಕೀ ಹಾಳಾಯಿತು ಅಂದರೆ ಮೊದಲು ನನ್ನ ಹತ್ತಿರ ತರುತ್ತಾರೆ. ಬಹಳಷ್ಟು ಸಲ ಕೀ ಹಾಳಾಗಿರುವುದಿಲ್ಲ. ಅದರೊಳಗಿನ ಒಂದು ಚಿಕ್ಕ ಭಾಗ ಮಾತ್ರ ಹಾಳಾಗಿರುತ್ತದೆ. ಯಾವ ಭಾಗ ಅಂತ ಕೀ ತಾನೇ ಸುಳಿವು ಕೊಡುತ್ತದೆ.

ಒಂದು ಕೀಯೊಳಗೆ ಎರಡು ಬೇರೆ ಬೇರೆ ಸಾಮಾನು

ಇದೊಂದು ಗೊತ್ತಿದ್ದರೆ ಅರ್ಧ ಕೆಲಸ ಮುಗಿದ ಹಾಗೆ. ತಿರುಗಿಸಿ ಸ್ಟಾರ್ಟ್ ಮಾಡುವ ಸಾಮಾನ್ಯ ರಿಮೋಟ್ ಕೀಯಲ್ಲಿ ಎರಡು ವ್ಯವಸ್ಥೆ ಇರುತ್ತವೆ.

ಒಂದು ರಿಮೋಟ್. ಬಾಗಿಲು ಲಾಕ್, ಅನ್‌ಲಾಕ್ ಮಾಡುವುದು ಇದು. ಇದಕ್ಕೆ ಸೆಲ್ ಬೇಕು. ನಮ್ಮ ದೇಶದ ಬಹಳಷ್ಟು ಕಾರುಗಳಲ್ಲಿ ಇದು 433.92 ಮೆಗಾಹರ್ಟ್ಸ್‌ನಲ್ಲಿ ಸಿಗ್ನಲ್ ಕಳಿಸುತ್ತದೆ.

ಇನ್ನೊಂದು ಚಿಪ್. ಇಮ್ಮೊಬಿಲೈಸರ್ ಚಿಪ್ ಅಂತಾರೆ. ಎಂಜಿನ್ ಸ್ಟಾರ್ಟ್ ಆಗಲು ಅನುಮತಿ ಕೊಡುವುದು ಇದು. ಇದಕ್ಕೆ ಸೆಲ್ ಬೇಡ. ಕೀ ತೂರಿಸುವ ಜಾಗದ ಸುತ್ತ ತಂತಿ ಸುರುಳಿ ಇರುತ್ತದೆ. ಕೀ ಹಾಕಿ ತಿರುಗಿಸಿದಾಗ ಚಿಪ್ಪಿಗೆ ಬೇಕಾದ ಶಕ್ತಿ ಆ ಸುರುಳಿಯಿಂದಲೇ ಸಿಗುತ್ತದೆ. ಚಿಪ್ ತನ್ನ ಗುರುತು ಹೇಳುತ್ತದೆ, ಕಾರು ಒಪ್ಪಿಕೊಳ್ಳುತ್ತದೆ.

ಈಗ ನಿಮ್ಮ ಕಾರು ಏನು ಮಾಡುತ್ತಿದೆ ನೋಡಿ. ಬಟನ್ ಕೆಲಸ ಮಾಡುತ್ತಿಲ್ಲ, ಆದರೆ ಎಂಜಿನ್ ಸಲೀಸಾಗಿ ಸ್ಟಾರ್ಟ್ ಆಗುತ್ತಿದೆ ಅಂದರೆ ತೊಂದರೆ ರಿಮೋಟ್ ಕಡೆ. ಚಿಪ್ ಮುಟ್ಟುವ ಅಗತ್ಯವೇ ಇಲ್ಲ. ಬಟನ್ ಸರಿಯಾಗಿದ್ದು ಎಂಜಿನ್ ಸ್ಟಾರ್ಟ್ ಆಗುತ್ತಿಲ್ಲ, ಡ್ಯಾಶ್‌ಬೋರ್ಡ್‌ನಲ್ಲಿ ಕೀ ಅಥವಾ ಬೀಗದ ಚಿತ್ರವಿರುವ ದೀಪ ಮಿನುಗುತ್ತಿದೆ ಅಂದರೆ ತೊಂದರೆ ಚಿಪ್ ಕಡೆ. ಆಗ ಸೆಲ್ ಬದಲಾಯಿಸಿ ಏನೂ ಪ್ರಯೋಜನ ಇಲ್ಲ.

ಕೀ ಬಿಚ್ಚುವ ಮೊದಲು

ಎರಡನೇ ಕೀ ಬೀರುವಿನಿಂದ ತೆಗೆಯಿರಿ. ಇದಕ್ಕಿಂತ ಒಳ್ಳೆಯ ಪರೀಕ್ಷೆ ಇನ್ನೊಂದಿಲ್ಲ. ಅದು ಕೆಲಸ ಮಾಡಿದರೆ ತಪ್ಪು ಮೊದಲ ಕೀಯದು. ಎರಡೂ ಮಾಡದಿದ್ದರೆ ಕಾರಿನ ಕಡೆ ನೋಡಬೇಕು. ಆದರೆ ಎಷ್ಟೋ ವರ್ಷ ಸುಮ್ನೆ ಬಿದ್ದಿರುವ ಎರಡನೇ ಕೀಯ ಸೆಲ್ಲೂ ಸತ್ತಿರಬಹುದು. ಅದಕ್ಕೆ ಹೊಸ ಸೆಲ್ ಹಾಕಿಯೇ ಪರೀಕ್ಷೆ ಮಾಡಿ.

ಎರಡೂ ಕೀ ಸುಮ್ಮನಿದ್ದರೆ ಮೊದಲ ಅನುಮಾನ ಬಾನೆಟ್ ಕೆಳಗಿನ ದೊಡ್ಡ ಬ್ಯಾಟರಿ ಮೇಲೆ. ಒಳಗಿನ ದೀಪ ಮಂಕಾಗಿದೆಯಾ, ಹಾರ್ನ್ ಕ್ಷೀಣವಾಗಿದೆಯಾ ನೋಡಿ. ಪೂರ್ತಿ ಚಾರ್ಜ್ ಆದ ಬ್ಯಾಟರಿ ಎಂಜಿನ್ ಆಫ್ ಇದ್ದಾಗ 12.6 ವೋಲ್ಟ್ ಹತ್ತಿರ ತೋರಿಸುತ್ತದೆ. 12ಕ್ಕಿಂತ ಕೆಳಗೆ ಇಳಿದಿದ್ದರೆ ಕೀಯನ್ನು ಬೈಯುವುದು ಬಿಟ್ಟು ಬ್ಯಾಟರಿ ಚಾರ್ಜ್ ಮಾಡಿಸಿ. ಹದಿನೈದು ದಿನ ಊರಿಗೆ ಹೋಗಿ ಬಂದವರಿಗೆ ಆಗುವುದು ಜಾಸ್ತಿ ಇದೇ.

ಬ್ಯಾಟರಿ ಸರಿ ಇದ್ದರೆ ಚಾಲಕನ ಬಾಗಿಲಿನ ಒಳಗಿನ ಲಾಕ್ ಸ್ವಿಚ್ ಒತ್ತಿ. ಅದರಿಂದಲೂ ಬಾಗಿಲು ಲಾಕ್ ಆಗದಿದ್ದರೆ ಸೆಂಟರ್ ಲಾಕ್‌ನ ಫ್ಯೂಸ್ ಹೋಗಿರಬಹುದು. ಮೂರು ಬಾಗಿಲು ಲಾಕ್ ಆಗಿ ಒಂದು ಆಗದಿದ್ದರೆ ಆ ಬಾಗಿಲಿನೊಳಗಿನ ಮೋಟರ್ ಹೋಗಿರಬಹುದು. ಕೀಗೂ ಅದಕ್ಕೂ ಸಂಬಂಧ ಇಲ್ಲ. ಡಿಕ್ಕಿ ಸರಿಯಾಗಿ ಮುಚ್ಚಿಲ್ಲದಿದ್ದರೂ, ಕೀ ಇಗ್ನಿಷನ್‌ನಲ್ಲೇ ಇದ್ದರೂ ಬಹಳ ಕಾರುಗಳು ರಿಮೋಟ್ ಮಾತು ಕೇಳುವುದಿಲ್ಲ. ಇದನ್ನು ಮರೆತು ಎಷ್ಟೋ ಜನ ಮೆಕ್ಯಾನಿಕ್ ಹತ್ತಿರ ಓಡುತ್ತಾರೆ.

ಒಂದೇ ಒಂದು ಜಾಗದಲ್ಲಿ ಮಾತ್ರ ಕೀ ಕೆಲಸ ಮಾಡದಿದ್ದರೆ ಅಲ್ಲಿ ಬೇರೆ ಯಾವುದೋ ಸಿಗ್ನಲ್ ಅಡ್ಡ ಬರುತ್ತಿದೆ. ಕಾರಿನ ಹತ್ತಿರ ಹೋಗಿ ಒತ್ತಿ, ಅಥವಾ ಕೀಯನ್ನು ಬಾಗಿಲಿನ ರಂಧ್ರಕ್ಕೆ ಹಾಕಿ ತಿರುಗಿಸಿ ತೆರೆಯಿರಿ. ರಿಪೇರಿ ಬೇಕಿಲ್ಲ.

ಸೆಲ್

ಸೆಲ್ ಸಾಯುವಾಗ ಒಂದೇ ದಿನದಲ್ಲಿ ಸಾಯುವುದಿಲ್ಲ. ಮೊದಲು ದೂರ ಕಡಿಮೆಯಾಗುತ್ತದೆ. ರಸ್ತೆಯ ಆಚೆ ಬದಿಯಿಂದ ಲಾಕ್ ಆಗುತ್ತಿದ್ದ ಕಾರಿಗೆ ಈಗ ಹತ್ತಿರ ಬರಬೇಕು. ಆಮೇಲೆ ಎರಡೆರಡು ಸಲ ಒತ್ತಬೇಕು. ಹೀಗೆ ಆಗಿದ್ದರೆ ಕಾರಣ ಸೆಲ್ಲೇ. ನಿನ್ನೆ ರಾತ್ರಿ ಚೆನ್ನಾಗಿದ್ದು ಇವತ್ತು ಬೆಳಿಗ್ಗೆ ಪೂರ್ತಿ ನಿಂತುಹೋಗಿದ್ದರೆ ಬೇರೆ ಕಾರಣ ಇರಬಹುದು.

ಸೆಲ್ ಮೇಲೆ ಬರೆದಿರುವ ಸಂಖ್ಯೆಯನ್ನೇ ನೋಡಿ ತನ್ನಿ. ಸಿಆರ್2032 ಅಂದರೆ 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ. ಸಿಆರ್2025 ಅಷ್ಟೇ ಅಗಲ, ಆದರೆ ದಪ್ಪ 2.5. ಸಿಆರ್1620 ಅಂದರೆ 16 ಅಗಲ, 2 ದಪ್ಪ. ಎಲ್ಲವೂ 3 ವೋಲ್ಟ್. ಅದಕ್ಕೇ ಅಂಗಡಿಯವರು "ಇದನ್ನೇ ಹಾಕಿ, ನಡೆಯುತ್ತೆ" ಅನ್ನುತ್ತಾರೆ. ನಡೆಯುವುದಿಲ್ಲ. 2032 ಇರಬೇಕಾದ ಕಡೆ 2025 ಹಾಕಿದರೆ ಸಡಿಲವಾಗಿ ಕೂರುತ್ತದೆ. ಕೀ ಜೇಬಿನಲ್ಲಿ ಅಲ್ಲಾಡಿದಂತೆ ಸಂಪರ್ಕ ಬಂದು ಹೋಗುತ್ತದೆ. 2025 ಜಾಗಕ್ಕೆ 2032 ತುರುಕಿದರೆ ತಗಡಿನ ಹಿಡಿಕೆ ಬಾಗುತ್ತದೆ, ಆಮೇಲೆ ಸರಿಯಾದ ಸೆಲ್ಲೂ ಕೂರುವುದಿಲ್ಲ.

ಕೀಯ ಅಂಚಿನಲ್ಲಿ ಒಂದು ಸಣ್ಣ ಸಂದು ಇರುತ್ತದೆ. ಚಪ್ಪಟೆ ಸ್ಕ್ರೂಡ್ರೈವರ್ ತುದಿಗೆ ಬಟ್ಟೆ ಸುತ್ತಿ, ಅಲ್ಲಿ ಇಟ್ಟು ಮೆಲ್ಲಗೆ ತಿರುಗಿಸಿ. ಕೆಲವು ಕೀಗಳಲ್ಲಿ ಸ್ಕ್ರೂ ಇರುತ್ತದೆ, ಬಲವಂತ ಮಾಡುವ ಮುಂಚೆ ಅದನ್ನು ಹುಡುಕಿ. ಬಿಚ್ಚಿದ ತಕ್ಷಣ ಮೊಬೈಲ್‌ನಲ್ಲಿ ಒಂದು ಫೋಟೋ ತೆಗೆದಿಡಿ. ಸೆಲ್‌ನ ಪ್ಲಸ್ ಬದಿ ಮೇಲಿತ್ತಾ ಕೆಳಗಿತ್ತಾ ಅಂತ ಆಮೇಲೆ ಯಾರಿಗೂ ನೆನಪಿರುವುದಿಲ್ಲ. ಲೋಹದ ಚಿಮ್ಮಟದಿಂದ ಸೆಲ್ ಹಿಡಿಯಬೇಡಿ, ಎರಡೂ ಬದಿ ಒಟ್ಟಿಗೆ ತಾಗಿ ಶಾರ್ಟ್ ಆಗುತ್ತದೆ. ಸೆಲ್ ತೆಗೆದರೆ ಕೀಯ ಕೋಡ್ ಅಳಿಸಿಹೋಗುತ್ತದೆ ಅನ್ನುವ ಭಯ ಬೇಡ. ಸಾಮಾನ್ಯವಾಗಿ ಕೋಡ್ ಕರೆಂಟ್ ಇಲ್ಲದಿದ್ದರೂ ಉಳಿಯುವ ಮೆಮೊರಿಯಲ್ಲಿ ಇರುತ್ತದೆ.

ಮಲ್ಟಿಮೀಟರ್ ಇದ್ದರೆ ಅಳೆದು ನೋಡಿ. ಹೊಸ ಸೆಲ್ 3.2 ವೋಲ್ಟ್ ಆಸುಪಾಸು ತೋರಿಸುತ್ತದೆ. ಆದರೆ ಸೆಲ್ಲನ್ನು ಹೊರಗಿಟ್ಟು ಅಳೆದರೆ ಪೂರ್ತಿ ಸತ್ಯ ಗೊತ್ತಾಗುವುದಿಲ್ಲ. ಸುಸ್ತಾದ ಸೆಲ್ಲೂ ಸುಮ್ಮನಿದ್ದಾಗ 2.9 ತೋರಿಸಬಹುದು. ಸೆಲ್ ಬೋರ್ಡ್‌ನಲ್ಲೇ (ಕೀಯೊಳಗಿನ ಸರ್ಕ್ಯೂಟ್ ಹಲಗೆಯಲ್ಲೇ) ಇರಲಿ, ಒಬ್ಬರು ಬಟನ್ ಒತ್ತಲಿ, ಇನ್ನೊಬ್ಬರು ಅಳೆಯಲಿ. ಒತ್ತಿದ ಕ್ಷಣ 2.5ಕ್ಕಿಂತ ಕೆಳಗೆ ಕುಸಿದರೆ ನಾನು ಆ ಸೆಲ್ ಎಸೆಯುತ್ತೇನೆ.

ಹೊಸ ಸೆಲ್ ಹಾಕಿದರೂ ಕೀ ಏಳದಿದ್ದರೆ ಸೆಲ್ ಮೇಲ್ಮೈ ನೋಡಿ. ಮಕ್ಕಳು ಬಾಯಿಗೆ ಹಾಕಬಾರದು ಅಂತ ಕೆಲವು ಸೆಲ್‌ಗಳಿಗೆ ಕಹಿ ಲೇಪನ ಇರುತ್ತದೆ. ಕೆಲವು ಕೀಗಳಲ್ಲಿ ಆ ಲೇಪನವೇ ಸಂಪರ್ಕ ತಡೆಯುತ್ತದೆ. ಲೇಪನ ಇಲ್ಲದ ಸೆಲ್ ಹಾಕಿ ನೋಡಿ.

ಮಕ್ಕಳ ಮಾತು ಬಂದಿದ್ದಕ್ಕೆ ಇದನ್ನು ಇಲ್ಲೇ ಹೇಳಿಬಿಡುತ್ತೇನೆ. ಬಿಚ್ಚಿದ ಸೆಲ್ಲನ್ನು ಟೇಬಲ್ ಮೇಲೆ ಬಿಡಬೇಡಿ, ಹಳೆಯದನ್ನೂ ಬಿಡಬೇಡಿ. 20 ಮಿಲಿಮೀಟರಿನ ಈ ಬಿಲ್ಲೆ ಪುಟ್ಟ ಮಗುವಿನ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ಗಂಭೀರವಾಗಿ ಸುಡಬಲ್ಲದು. ಕೀಗೆ ಶಕ್ತಿ ಸಾಲದ ಸೆಲ್‌ನಲ್ಲೂ ಅಷ್ಟು ಮಾಡುವ ಶಕ್ತಿ ಉಳಿದಿರುತ್ತದೆ. ಮಗು ನುಂಗಿದೆ ಅಂತ ಅನುಮಾನ ಬಂದರೂ ಸಾಕು, ವಾಂತಿ ಮಾಡಿಸಲು ಹೋಗದೆ ನೇರ ಆಸ್ಪತ್ರೆಗೆ ಓಡಿ. ಹಳೆಯ ಸೆಲ್‌ಗೆ ಎರಡೂ ಬದಿ ಟೇಪ್ ಸುತ್ತಿ, ಇ-ತ್ಯಾಜ್ಯದ ಡಬ್ಬಿಗೆ ಹಾಕುವ ತನಕ ಎತ್ತರದಲ್ಲಿಡಿ.

ಬಟನ್, ರಬ್ಬರ್, ಬೆಸುಗೆ

ಹೊಸ ಸೆಲ್ ಹಾಕಿದರೂ ಸರಿಹೋಗದ ಕೀಗಳಲ್ಲಿ ನಾನು ಜಾಸ್ತಿ ಕಂಡಿದ್ದು ಇಲ್ಲಿನ ತೊಂದರೆಗಳನ್ನೇ. ಒಂದು ಬಟನ್ ಕೆಲಸ ಮಾಡಿ ಇನ್ನೊಂದು ಮಾಡದಿದ್ದರಂತೂ ಬೇರೆಲ್ಲೂ ಹುಡುಕಬೇಡಿ.

ಮೇಲಿನ ಪ್ಲಾಸ್ಟಿಕ್ ಮತ್ತು ರಬ್ಬರ್ ಪೂರ್ತಿ ತೆಗೆದು ಬೋರ್ಡ್ ಮಾತ್ರ ಕೈಯಲ್ಲಿ ಹಿಡಿದು, ಸೆಲ್ಲನ್ನು ಅದರ ಜಾಗದಲ್ಲಿ ಕೂರಿಸಿ. ಈಗ ಕಾರಿನ ಪಕ್ಕ ನಿಂತು ಬೋರ್ಡ್ ಮೇಲಿನ ಪುಟ್ಟ ಸ್ವಿಚ್ಚನ್ನು ಪೆನ್ನಿನ ಹಿಂಬದಿಯಿಂದ ನೇರವಾಗಿ ಒತ್ತಿ. 'ಟಿಕ್' ಅಂತ ಬೆರಳಿಗೆ ಗೊತ್ತಾಗಬೇಕು. ಕಾರು ಸ್ಪಂದಿಸಿದರೆ ಬೋರ್ಡ್ ಚೆನ್ನಾಗಿದೆ, ಹಾಳಾಗಿರುವುದು ರಬ್ಬರ್. ಅದರ ಒಳಬದಿಯ ಸಣ್ಣ ಗುಬಟು ಸವೆದು ಸ್ವಿಚ್‌ವರೆಗೆ ತಲುಪುತ್ತಿರುವುದಿಲ್ಲ. ಹೊಸ ಶೆಲ್, ಅಂದರೆ ಬಟನ್ ರಬ್ಬರ್ ಸಮೇತ ಕೀಯ ಹೊರಗಿನ ಪ್ಲಾಸ್ಟಿಕ್ ಕವಚ, ಹಾಕಿದರೆ ಮುಗಿಯಿತು.

ಟಿಕ್ ಅನ್ನುವುದೇ ಇಲ್ಲ, ಮೆತ್ತಗಿದೆ ಅಂದರೆ ಸ್ವಿಚ್ ಹೋಗಿದೆ. ಟಿಕ್ ಅನ್ನುತ್ತದೆ, ಆದರೆ ಕಾರು ಕೇಳುವುದಿಲ್ಲ ಅಂದರೆ ಬೆಸುಗೆ ನೋಡಬೇಕು. ಭೂತಗನ್ನಡಿ ಹಿಡಿದು ಸ್ವಿಚ್ಚಿನ ಕಾಲುಗಳನ್ನು ಒಂದೊಂದಾಗಿ ನೋಡಿ. ಕಾಲಿನ ಸುತ್ತ ಕೂದಲೆಳೆಯ ಉಂಗುರದಂಥ ಬಿರುಕು ಕಂಡರೆ ಅದೇ ಕಳ್ಳ. ಕಣ್ಣಿಗೆ ಕಾಣದಿದ್ದರೆ ಸೆಲ್ ತೆಗೆದು, ಮಲ್ಟಿಮೀಟರನ್ನು ಬೀಪ್ ಕೊಡುವ ಜಾಗಕ್ಕೆ ತಿರುಗಿಸಿ. ನಾಲ್ಕು ಕಾಲಿನ ಸ್ವಿಚ್ ಆದರೆ ಓರೆಯಾಗಿ ಎದುರುಬದುರು ಇರುವ ಎರಡು ಕಾಲಿಗೆ ಮುಟ್ಟಿಸಿ ಒತ್ತಿ. ಒತ್ತಿದಾಗ ಬೀಪ್, ಬಿಟ್ಟಾಗ ಮೌನ. ಇದು ಸರಿಯಾದ ಸ್ವಿಚ್. ಒತ್ತದೆಯೇ ಬೀಪ್ ಬರುತ್ತಿದ್ದರೆ ಸ್ವಿಚ್ ಒಳಗೇ ಅಂಟಿಕೊಂಡಿದೆ. ಹೊಸ ಸೆಲ್ ಹಾಕಿ ನಾಲ್ಕೇ ದಿನಕ್ಕೆ ಖಾಲಿಯಾಗುತ್ತಿದ್ದರೆ ಇದನ್ನೇ ಅನುಮಾನಿಸಿ. ಆ ಕೀ ಸದಾ ಸಿಗ್ನಲ್ ಕಳಿಸುತ್ತಿದ್ದು, ಪಕ್ಕದಲ್ಲಿರುವ ಇನ್ನೊಂದು ಕೀಯ ಮಾತೂ ಕಾರಿಗೆ ಕೇಳದಂತೆ ಮಾಡಬಹುದು.

ಬೆಸುಗೆ ಹಾಕುವ ಅಭ್ಯಾಸ ಇಲ್ಲದವರು ಈ ಬೋರ್ಡ್ ಮೇಲೆ ಕಲಿಯಬೇಡಿ, ದಯವಿಟ್ಟು. ಅಕ್ಕಪಕ್ಕದ ಬಿಡಿಭಾಗಗಳು ಎಳ್ಳಿನಷ್ಟು ಚಿಕ್ಕವು. ಮೊಬೈಲ್ ರಿಪೇರಿ ಮಾಡುವವರಿಗೆ ಇದು ದಿನದ ಕೆಲಸ, ಅವರಿಗೆ ಕೊಡಿ. ಹಳೆಯ ಸ್ವಿಚ್ಚನ್ನೇ ಮಾದರಿಯಾಗಿ ತೋರಿಸಿ ಹೊಸದು ತನ್ನಿ, ಎತ್ತರ ಸ್ವಲ್ಪ ಹೆಚ್ಚುಕಡಿಮೆಯಾದರೂ ಬಟನ್ ಕೂರುವುದಿಲ್ಲ. ಬೆಂಗಳೂರಿನವರಿಗೆ ಇಂಥ ಬಿಡಿಭಾಗಗಳಿಗೆ ಎಸ್‌.ಪಿ. ರಸ್ತೆ ಇದ್ದೇ ಇದೆ. ಸೆಲ್ ಹಿಡಿಯುವ ತಗಡಿನ ಬೆಸುಗೆಯನ್ನೂ ಅದೇ ಕೈಯಲ್ಲಿ ನೋಡಿಸಿ. ಕೀ ಕೆಳಗೆ ಬಿದ್ದಾಗ ಮೊದಲು ಬಿಡುವುದು ಅದೇ. ಸೆಲ್‌ಗೆ ಮಾತ್ರ ನೇರವಾಗಿ ಬೆಸುಗೆ ಹಾಕಲು ಬಿಡಬೇಡಿ, ಬಿಸಿಗೆ ಅದು ಸಿಡಿಯಬಹುದು.

ಕರಾವಳಿಯವರ ಕೀಗಳಲ್ಲಿ ಇನ್ನೊಂದು ಕಾಣುತ್ತದೆ. ಮಂಗಳೂರಿನ ಅತ್ತಿಗೆಯ ಕೀ ಬಿಚ್ಚಿದಾಗ ಸಂಪರ್ಕದ ತಗಡಿನ ಮೇಲೆ ಹಸಿರು ಹಸಿರಾಗಿ ಕಿಲುಬು ಹಿಡಿದಿತ್ತು. ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿದ ಹತ್ತಿಯಿಂದ ಒರೆಸಿ, ಮೆತ್ತನೆಯ ಬ್ರಷ್‌ನಿಂದ ಉಜ್ಜಿ, ತಗಡನ್ನು ಒಂದಿಷ್ಟೇ ಇಷ್ಟು ಮೇಲೆತ್ತಿದೆ. ಅಷ್ಟಕ್ಕೇ ಕೀ ಎದ್ದಿತು.

ಬೋರ್ಡ್ ಮೇಲಿನ ದೀಪ ಬೆಳಗುತ್ತದೆ, ಸ್ವಿಚ್ಚುಗಳೂ ಸರಿ, ಆದರೂ ಕಾರು ಕೇಳುವುದಿಲ್ಲ. ಹೀಗಾದರೆ ಕೀ ಕೆಳಗೆ ಬಿದ್ದಿತ್ತಾ ನೆನಪಿಸಿಕೊಳ್ಳಿ. ದೀಪ ಬೆಳಗಿದ ಮಾತ್ರಕ್ಕೆ ಸಿಗ್ನಲ್ ಹೋಗುತ್ತಿದೆ ಅಂತ ಅರ್ಥ ಅಲ್ಲ. ಸಿಗ್ನಲ್‌ನ ಆವರ್ತನ (ಫ್ರೀಕ್ವೆನ್ಸಿ, ಆ ಮೆಗಾಹರ್ಟ್ಸ್ ಲೆಕ್ಕ) ಹಿಡಿದಿಡುವ ಪುಟ್ಟ ಸ್ಫಟಿಕದ ಭಾಗ ಹೊಡೆತಕ್ಕೆ ಒಡೆದಿರಬಹುದು. ಮೊಬೈಲ್ ಕ್ಯಾಮೆರಾ ಮುಂದೆ ಹಿಡಿದು ಪರೀಕ್ಷಿಸುವ ಉಪಾಯ ಟಿವಿ ರಿಮೋಟಿಗೆ ಸರಿ. ಕಾರಿನ ಕೀ ಕಳಿಸುವುದು ರೇಡಿಯೊ ತರಂಗ, ಅದು ಕ್ಯಾಮೆರಾಕ್ಕೆ ಕಾಣುವುದಿಲ್ಲ. ಕೀ ಮಾಡುವ ಅಂಗಡಿಗಳಲ್ಲಿ ಆವರ್ತನ ತೋರಿಸುವ ಚಿಕ್ಕ ಮೀಟರ್ ಇರುತ್ತದೆ, ಅಲ್ಲಿ ಒಂದು ಸಲ ಒತ್ತಿ ತೋರಿಸಿದರೆ ಗೊತ್ತಾಗುತ್ತದೆ.

ನೀರಿಗೆ ಬಿದ್ದರೆ

ಮೊದಲ ಆಸೆ ಬಟನ್ ಒತ್ತಿ ನೋಡುವುದು. ಅದನ್ನೇ ಮಾಡಬಾರದು. ತಕ್ಷಣ ಬಿಚ್ಚಿ ಸೆಲ್ ತೆಗೆಯಿರಿ. ಬೋರ್ಡ್ ಕೆಡಿಸುವುದು ನೀರಿಗಿಂತ ಜಾಸ್ತಿ, ನೀರಿನಲ್ಲಿ ಹರಿಯುವ ಕರೆಂಟ್. ಸಮುದ್ರದ ನೀರೋ ಸಾಬೂನು ನೀರೋ ಆಗಿದ್ದರೆ ಬೋರ್ಡನ್ನು ಶುದ್ಧ ನೀರಿನಲ್ಲಿ ತೊಳೆದು, ಆಮೇಲೆ ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಒರೆಸಿ. ಒಂದೆರಡು ದಿನ ಫ್ಯಾನ್ ಕೆಳಗೆ ಒಣಗಲಿ. ಅಕ್ಕಿ ಡಬ್ಬದಲ್ಲಿ ಹೂತಿಡಬೇಡಿ, ಸಂದುಗಳಿಗೆ ಹಿಟ್ಟು ಸೇರುತ್ತದೆ ಅಷ್ಟೆ. ಹೇರ್ ಡ್ರೈಯರ್‌ನ ಬಿಸಿಗಾಳಿಯೂ ಬೇಡ.

ಕಾರು ಮತ್ತು ಕೀಯ ಲೆಕ್ಕ ತಪ್ಪಿದರೆ

ಮಗುವಿನ ಕೈಗೆ ಕೀ ಕೊಟ್ಟು ಅದು ಮನೆಯೊಳಗೆ ಗಂಟೆಗಟ್ಟಲೆ ಒತ್ತಿದೆ ಅಂದುಕೊಳ್ಳಿ. ಪ್ರತಿ ಒತ್ತಿಗೂ ಕೀ ಹೊಸ ಕೋಡ್ ಕಳಿಸುತ್ತದೆ, ಒಳಗೆ ಒಂದು ಎಣಿಕೆ ಮುಂದೆ ಹೋಗುತ್ತಿರುತ್ತದೆ. ಒಬ್ಬ ಕಳ್ಳ ಸಿಗ್ನಲ್ ಕದ್ದು ಮತ್ತೆ ಬಳಸಬಾರದು ಅಂತ ಈ ಏರ್ಪಾಡು. ದೂರದಲ್ಲಿರುವ ಕಾರಿಗೆ ಈ ಎಣಿಕೆ ಗೊತ್ತಾಗುವುದಿಲ್ಲ. ಕೀಲಾಕ್ ಅನ್ನುವ ಹೆಸರಾದ ಪದ್ಧತಿಯಲ್ಲಿ ಕಾರು 16 ಎಣಿಕೆಯವರೆಗಿನ ವ್ಯತ್ಯಾಸವನ್ನು ಸುಮ್ಮನೆ ಒಪ್ಪುತ್ತದೆ. ಅದು ದಾಟಿದರೆ ಬೆನ್ನುಬೆನ್ನಿಗೆ ಎರಡು ಸಲ ಒತ್ತಬೇಕು, ಆಗ ಲೆಕ್ಕ ಸರಿಮಾಡಿಕೊಳ್ಳುತ್ತದೆ. ಹಾಗಾಗಿ ಕಾರಿನ ಪಕ್ಕ ನಿಂತು ಎರಡು ಮೂರು ಸಲ ಒತ್ತಿ ನೋಡಿ. ಕೆಲವು ಕಾರುಗಳಲ್ಲಿ ಕೀಯನ್ನು ಇಗ್ನಿಷನ್‌ಗೆ ಹಾಕಿ ಆನ್ ಮಾಡಿ ಬಟನ್ ಒತ್ತುವ ಕ್ರಮ ಇರುತ್ತದೆ. ಅದು ಕಾರಿನಿಂದ ಕಾರಿಗೆ ಬೇರೆ, ನಿಮ್ಮ ಕಾರಿನ ಜೊತೆ ಬಂದ ಪುಸ್ತಕದಲ್ಲಿ ಇದೆಯಾ ನೋಡಿ.

ಬಟನ್ ಸ್ಟಾರ್ಟ್ ಕಾರುಗಳು

ಈ ಕೀಗಳಲ್ಲಿ ಸೆಲ್ ಸತ್ತರೆ ಜನ ಜಾಸ್ತಿ ಗಾಬರಿಯಾಗುತ್ತಾರೆ, ಏಕೆಂದರೆ ಕೀ ತೂರಿಸುವ ಜಾಗವೇ ಕಾಣುವುದಿಲ್ಲ. ಆದರೆ ದಾರಿ ಇದೆ. ಕೀಯ ಬದಿಯಲ್ಲಿ ಒಂದು ಸಣ್ಣ ಗುಂಡಿ ಒತ್ತಿ ಎಳೆದರೆ ಒಳಗಿಂದ ಲೋಹದ ಕೀ ಬರುತ್ತದೆ. ಚಾಲಕನ ಬಾಗಿಲಿನ ಹಿಡಿಯ ಹತ್ತಿರ ಅದಕ್ಕೆ ರಂಧ್ರ ಇರುತ್ತದೆ, ಕೆಲವು ಕಾರುಗಳಲ್ಲಿ ಪ್ಲಾಸ್ಟಿಕ್ ಮುಚ್ಚಳದ ಕೆಳಗೆ. ಹಾಗೆ ತೆರೆದಾಗ ಅಲಾರಂ ಕೂಗಬಹುದು, ಹೆದರಬೇಡಿ, ಕಾರು ಸ್ಟಾರ್ಟ್ ಆದರೆ ನಿಲ್ಲುತ್ತದೆ. ಬ್ರೇಕ್ (ಗೇರ್ ಕಾರಾದರೆ ಕ್ಲಚ್ ಕೂಡ) ಒತ್ತಿ ಹಿಡಿದು, ಕೀಯನ್ನೇ ಸ್ಟಾರ್ಟ್ ಬಟನ್‌ಗೆ ತಾಗಿಸಿ ಒತ್ತಿ. ಬಹಳಷ್ಟು ಕಾರುಗಳು ಸೆಲ್ ಇಲ್ಲದ ಕೀಯನ್ನೂ ಅಷ್ಟು ಹತ್ತಿರದಿಂದ ಗುರುತಿಸುತ್ತವೆ. ಕೆಲವದರಲ್ಲಿ ಕೀ ಇಡಲು ಬೇರೆ ಜಾಗ ಇರುತ್ತದೆ, ಅದನ್ನು ಇವತ್ತೇ ಪುಸ್ತಕದಲ್ಲಿ ನೋಡಿಟ್ಟುಕೊಳ್ಳಿ. ಕತ್ತಲಲ್ಲಿ, ಘಾಟಿಯಲ್ಲಿ ನಿಂತು ಹುಡುಕುವುದು ಕಷ್ಟ ಅಲ್ವಾ?

ಚಿಪ್ ಕಡೆಯ ತೊಂದರೆ, ಮತ್ತು ಶೆಲ್ ಬದಲಾಯಿಸುವವರು ಮಾಡುವ ತಪ್ಪು

ಸೆಲ್ಫ್ ಹೊಡೆಯುತ್ತದೆ, ಎಂಜಿನ್ ಹಿಡಿಯುವುದಿಲ್ಲ. ಇಲ್ಲವೇ ಹಿಡಿದು ಒಂದೆರಡು ಸೆಕೆಂಡಿಗೆ ನಿಂತುಹೋಗುತ್ತದೆ. ಡ್ಯಾಶ್‌ಬೋರ್ಡ್ ದೀಪ ಮಿನುಗುತ್ತದೆ. ಮೊದಲು ಗೊಂಚಲಿನಿಂದ ಈ ಕೀಯನ್ನು ಬೇರೆ ಮಾಡಿ. ಅದೇ ಗೊಂಚಲಲ್ಲಿ ಇನ್ನೊಂದು ಕಾರಿನ ಚಿಪ್ ಕೀ ಇದ್ದರೆ ಎರಡೂ ಒಟ್ಟಿಗೆ ಮಾತಾಡಿ ಕಾರಿಗೆ ಗೊಂದಲ ಆಗುತ್ತದೆ. ಆಮೇಲೆ ಎರಡನೇ ಕೀಯಿಂದ ಪ್ರಯತ್ನಿಸಿ. ಅದರಿಂದಲೂ ಆಗದಿದ್ದರೆ ಕೀ ರಂಧ್ರದ ಸುತ್ತಲಿನ ಸುರುಳಿ, ಅದರ ತಂತಿ ನೋಡಿಸಬೇಕು. ಅದು ಕೀಯ ತಪ್ಪಲ್ಲ.

ಇತ್ತೀಚೆಗೆ ಶೆಲ್ ಬದಲಾಯಿಸಿದ ಮೇಲೆ ಹೀಗಾಗಿದ್ದರೆ ಹಳೆಯ ಶೆಲ್ ಎಲ್ಲಿದೆ ಹುಡುಕಿ! ಕೆಲವು ಕೀಗಳಲ್ಲಿ ಚಿಪ್ ಬೋರ್ಡ್ ಮೇಲೆ ಇರುವುದಿಲ್ಲ. ಅಕ್ಕಿಕಾಳಿನಂಥ ಗಾಜಿನ ಕೊಳವೆಯಾಗಿಯೋ ಕಪ್ಪು ಚೂರಾಗಿಯೋ ಪ್ಲಾಸ್ಟಿಕ್‌ನ ಮೂಲೆಯಲ್ಲಿ ಬೇರೆಯೇ ಕೂತಿರುತ್ತದೆ. ಬೋರ್ಡ್ ಮಾತ್ರ ಹೊಸ ಶೆಲ್‌ಗೆ ಹಾಕಿ, ಹಳೆಯದನ್ನು ಕಸಕ್ಕೆ ಎಸೆದರೆ ಚಿಪ್ ಕೂಡ ಹೋಯಿತು. ಬಾಗಿಲು ತೆರೆಯುತ್ತದೆ, ಕಾರು ಹೊರಡುವುದಿಲ್ಲ. ನೂರಿನ್ನೂರು ರೂಪಾಯಿಯಲ್ಲಿ ಮುಗಿಯಬೇಕಾದ ಕೆಲಸ ಸಾವಿರಗಳಿಗೆ ಏರುವುದು ಹೀಗೆ. ಹೊಸ ಶೆಲ್‌ನಲ್ಲಿ ಕಾರು ಸ್ಟಾರ್ಟ್ ಆಗುವ ತನಕ ಹಳೆಯದರ ಒಂದು ಚೂರನ್ನೂ ಎಸೆಯಬೇಡಿ.

ನಿಜವಾಗಿಯೂ ಹೊಸ ಕೀ ಬೇಕಾದರೆ

ಬೋರ್ಡ್ ಸುಟ್ಟಿದ್ದರೆ, ಚಿಪ್ ಒಡೆದಿದ್ದರೆ, ಕೀ ಕಳೆದಿದ್ದರೆ ಬೇರೆ ದಾರಿ ಇಲ್ಲ. ಆನ್‌ಲೈನ್‌ನಲ್ಲಿ ಬೋರ್ಡ್ ಸಮೇತ ಕೀ ಕೊಳ್ಳುವ ಮುಂಚೆ ಆವರ್ತನ ನೋಡಿ. ಅಮೆರಿಕ, ಜಪಾನ್ ಮಾರುಕಟ್ಟೆಯ ಎಷ್ಟೋ ಕೀಗಳು 315 ಮೆಗಾಹರ್ಟ್ಸ್‌ನವು. ನೋಡಲು ಅಚ್ಚು ಒಂದೇ ಥರ, ಆದರೆ ನಮ್ಮ 433ರ ಕಾರಿಗೆ ಕೇಳಿಸುವುದೇ ಇಲ್ಲ. ಚಿಪ್‌ನ ಜಾತಿಯೂ ಹೊಂದಬೇಕು. ಇನ್ನೊಂದು ಕಾರಿಗೆ ಜೋಡಿಸಿದ್ದ ಹಳೆಯ ಕೀಗಳನ್ನು ಮತ್ತೆ ಬಳಸಲು ಎಷ್ಟೋ ಕಾರುಗಳಲ್ಲಿ ಆಗುವುದಿಲ್ಲ.

ಹೊಸ ಕೀಯನ್ನು ಕಾರಿಗೆ ಜೋಡಿಸಲು ಸ್ಟೀರಿಂಗ್ ಕೆಳಗಿನ ಒಬಿಡಿ ಕಿಂಡಿಗೆ (ಕಾರಿನ ಕಂಪ್ಯೂಟರ್ ಜೊತೆ ಮಾತಾಡುವ ಜಾಗ) ಯಂತ್ರ ಸಿಕ್ಕಿಸುತ್ತಾರೆ. ಆರ್‌ಸಿ, ಗುರುತಿನ ಚೀಟಿ ಕೇಳುತ್ತಾರೆ. ಕೇಳದೆ ಮಾಡಿಕೊಡುವ ಕಡೆ ನಾನಂತೂ ಕೊಡುವುದಿಲ್ಲ. ಹೊಸ ಕಾರಿನ ಜೊತೆ ಕೀ ಸಂಖ್ಯೆ ಕೊರೆದ ಪುಟ್ಟ ಬಿಲ್ಲೆ ಕೊಟ್ಟಿದ್ದರೆ ಅದನ್ನೂ ಒಯ್ಯಿರಿ. ಮನೆಯಲ್ಲಿರುವ ಎಲ್ಲ ಕೀಗಳನ್ನೂ ಒಟ್ಟಿಗೆ ಒಯ್ಯಿರಿ. ಕೆಲವು ಕಾರುಗಳಲ್ಲಿ ಹೊಸದನ್ನು ಸೇರಿಸುವಾಗ ಹಳೆಯವೆಲ್ಲ ಅಳಿಸಿಹೋಗುತ್ತವೆ, ಅಲ್ಲೇ ಮತ್ತೆ ಸೇರಿಸಬೇಕಾಗುತ್ತದೆ. ಒಂದು ಕೀ ಕೈಯಲ್ಲಿ ಇರುವಾಗಲೇ ಎರಡನೆಯದು ಮಾಡಿಸಿ. ಎರಡೂ ಕಳೆದಮೇಲೆ ಹೋದರೆ ಕೆಲಸವೂ ಜಾಸ್ತಿ, ಖರ್ಚೂ ಜಾಸ್ತಿ, ಕಾರನ್ನು ಟೋ ಮಾಡಿಸುವ ಪ್ರಸಂಗವೂ ಬರಬಹುದು.

ಕೀ ಕಳೆದಿದ್ದರೆ ಮೊದಲು ಪೊಲೀಸರಿಗೆ ದೂರು ಕೊಡಿ. ಬೆಂಗಳೂರಿನಲ್ಲಿ ನಗರ ಪೊಲೀಸರ ಇ-ಲಾಸ್ಟ್ ವ್ಯವಸ್ಥೆಯಲ್ಲಿ ಮನೆಯಿಂದಲೇ ದಾಖಲಿಸಬಹುದು. ವಿಮೆಯಲ್ಲಿ ಕೀ ಬದಲಾವಣೆಯ ಹೆಚ್ಚುವರಿ ರಕ್ಷಣೆ ತೆಗೆದುಕೊಂಡಿದ್ದೀರಾ ನೋಡಿ, ದೂರಿನ ಪ್ರತಿ ಅಲ್ಲಿ ಬೇಕಾಗುತ್ತದೆ. ಮುಂದೆ ಕಾರೇ ಕಳುವಾದರೆ ವಿಮೆಯವರು ಎರಡೂ ಕೀ ಕೇಳುವುದು ವಾಡಿಕೆ. ಒಂದು ಎಲ್ಲಿ ಹೋಯಿತು ಅಂದಾಗ ತೋರಿಸಲು ಆ ದೂರಿನ ಪ್ರತಿಯನ್ನು ಆರ್‌ಸಿ ಜೊತೆಗೇ ಇಟ್ಟುಕೊಳ್ಳಿ. ಹೊಸ ಕೀ ಜೋಡಿಸುವಾಗ ಕಳೆದ ಕೀಯನ್ನು ಕಾರಿನ ಮೆಮೊರಿಯಿಂದ ಅಳಿಸಲು ಬಾಯಿಬಿಟ್ಟು ಹೇಳಿ. ಎಷ್ಟು ಕೀ ನೋಂದಾಯಿತವಾಗಿವೆ ಅನ್ನುವುದನ್ನು ಬಹಳಷ್ಟು ಯಂತ್ರಗಳು ಪರದೆಯ ಮೇಲೆ ತೋರಿಸುತ್ತವೆ, ಆ ಸಂಖ್ಯೆಯನ್ನು ನೀವೇ ಕಣ್ಣಾರೆ ನೋಡಿ ಹೊರಡಿ.